ಅಣಬೆ ಕೊಯ್ದ ಮೇಲಿನ ಹುಲ್ಲಿಗೂ ಕೆಲಸವಿದೆ

ಚಿಪ್ಪಣಬೆ ಬೆಳೆಯುವವರಲ್ಲಿ ಹಲವರು ಎರಡು ಮೂರು ಕೊಯ್ಲಾದ ಮೇಲೆ ಚೀಲದೊಳಗಿನ ಭತ್ತದ ಹುಲ್ಲನ್ನು ತಿಪ್ಪೆಗೆ ಸುರಿದುಬಿಡುತ್ತಾರೆ. ಅದರಲ್ಲಿ ಶಿಲೀಂಧ್ರದ ಬಿಳಿ ಎಳೆಗಳು ಇನ್ನೂ ಜೀವಂತವಾಗಿರುತ್ತವೆ. ಡೀಸೆಲ್ ಕುಡಿದ ಮಣ್ಣನ್ನು ಹಸನು ಮಾಡಬಲ್ಲ ಎಳೆಗಳವು. ಅವನ್ನು ಹೀಗೆ ದಂಡ ಮಾಡುವುದನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಮರಕ್ಕೆ ಗಟ್ಟಿತನ ಕೊಡುವುದು ಲಿಗ್ನಿನ್. ಅದರ ರಚನೆ ಎಷ್ಟು ಅಡ್ಡಾದಿಡ್ಡಿ ಎಂದರೆ ಹೆಚ್ಚಿನ ಜೀವಿಗಳು ಅದರ ತಂಟೆಗೇ ಹೋಗುವುದಿಲ್ಲ. ಚಿಪ್ಪಣಬೆಯ ಬಳಗದ ಶಿಲೀಂಧ್ರಗಳು ಮಾತ್ರ ಮೈಯಿಂದ ಕಿಣ್ವಗಳನ್ನು ಹೊರಕ್ಕೆ ಸ್ರವಿಸಿ, ಅದನ್ನು ಹೊರಗೇ ಅರಗಿಸಿ, ಆಮೇಲೆ ಹೀರಿಕೊಳ್ಳುತ್ತವೆ. ಯಾವುದೇ ಒಂದು ಆಕಾರದ ಅಣುವಿಗೆ ಕಟ್ಟುಬೀಳದ ಕಿಣ್ವಗಳಾದ್ದರಿಂದ ಎಣ್ಣೆ, ಬಟ್ಟೆಯ ಬಣ್ಣ, ಕೀಟನಾಶಕ ಕೂಡ ಅವುಗಳ ಹಿಡಿತಕ್ಕೆ ಸಿಗುತ್ತವೆ. ಮರ ಕೊಳೆಸುವ ಇಂಥದ್ದೇ ಒಂದು ಶಿಲೀಂಧ್ರ ಡಿಡಿಟಿ ಮತ್ತು ಲಿಂಡೇನ್ ಎಂಬ ಕೀಟನಾಶಕಗಳನ್ನು ಒಡೆಯುತ್ತದೆ ಎಂದು 1985ರಲ್ಲೇ 'ಸೈನ್ಸ್' ಪತ್ರಿಕೆಯಲ್ಲಿ ವರದಿಯಾಗಿತ್ತು. 1990ರ ದಶಕದ ಕೊನೆಯಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಅಣಬೆ ತಜ್ಞ ಪಾಲ್ ಸ್ಟ್ಯಾಮೆಟ್ಸ್ ಮತ್ತು ಬ್ಯಾಟೆಲ್ ಪ್ರಯೋಗಾಲಯದವರು ಡೀಸೆಲ್ ಮಣ್ಣಿನ ಗುಡ್ಡೆಗೆ ಚಿಪ್ಪಣಬೆಯ ಎಳೆಗಳನ್ನು ಬೆರೆಸಿದರು. ಕೆಲವೇ ವಾರಗಳಲ್ಲಿ ಆ ಗುಡ್ಡೆಯ ಮೇಲೆ ಅಣಬೆಗಳು ಅರಳಿದವು, ಹುಳ ಬಂದವು, ಹಕ್ಕಿ ಬಂದವು, ಹಸಿರು ಚಿಗುರಿತು.

ಇದನ್ನು ಓದಿ ಅಣಬೆ ಎಲ್ಲ ವಿಷಕ್ಕೂ ಮದ್ದು ಎಂದು ಸಾರುವವರನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲ ಸೇರಿರುವ ಕ್ರೋಮಿಯಂ ಮೂಲಧಾತು. ಸೀಸ, ಕ್ಯಾಡ್ಮಿಯಂ ಕೂಡ ಹಾಗೆಯೇ. ಮೂಲಧಾತುವನ್ನು ಯಾವ ಕಿಣ್ವವೂ ಒಡೆಯಲಾರದು. ಶಿಲೀಂಧ್ರ ಅದರ ರೂಪವನ್ನು ಬದಲಿಸಬಹುದು ಅಥವಾ ತನ್ನೊಳಗೆ ಹೀರಿಟ್ಟುಕೊಳ್ಳಬಹುದು, ಅಷ್ಟೇ. ಹೀರಿಕೊಂಡ ಅಣಬೆಯೇ ಆಗ ವಿಷದ ಕಸ. ಆದ್ದರಿಂದ ಕಲುಷಿತ ನೆಲದಲ್ಲಿ ಬೆಳೆದ ಅಣಬೆಯನ್ನು ದಯವಿಟ್ಟು ಯಾರೂ ತಿನ್ನಬೇಡಿ, ಮಾರಬೇಡಿ.

ಎಣ್ಣೆ ಮಣ್ಣಿನಲ್ಲೂ ತೇವ, ಗಾಳಿ, ತಿನ್ನಲು ಹುಲ್ಲು ಬೇಕೇ ಬೇಕು. ಆಳದ ಕೆಸರಿನಲ್ಲಿ ಎಳೆಗಳು ಉಸಿರುಗಟ್ಟಿ ಸಾಯುತ್ತವೆ. ಅರ್ಧಕ್ಕೆ ಒಡೆದ ರಾಸಾಯನಿಕ ಕೆಲವೊಮ್ಮೆ ಮೂಲ ವಿಷಕ್ಕಿಂತ ಕೆಟ್ಟದ್ದೂ ಆಗಬಹುದು. ಪರೀಕ್ಷೆಯಿಲ್ಲದೆ ಮಣ್ಣು ಶುದ್ಧವಾಯಿತೆಂದು ಯಾರೂ ಘೋಷಿಸಬಾರದು.

ಹಾಗಿದ್ದೂ ನಮ್ಮ ಬಸ್ ಡಿಪೋ, ಗ್ಯಾರೇಜುಗಳ ಹಿತ್ತಲಿನ ಕಪ್ಪು ಮಣ್ಣಿಗೆ ಈ ಪ್ರಯೋಗ ಏಕೆ ಬೇಡ? ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅಣಬೆ ಬೀಜ ಕೊಡುತ್ತದೆ, ಹುಲ್ಲು ಬೆಳೆಗಾರರ ಬಳಿ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿ ಒಂದೇ ಒಂದು ಡಿಪೋ ಆರಿಸಿಕೊಳ್ಳಲಿ. ಹುಲ್ಲು ಬೆರೆಸುವ ಮೊದಲು ಮತ್ತು ಆಮೇಲೆ ಮಣ್ಣನ್ನು ಪರೀಕ್ಷಿಸಿ, ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಲಿ. ಬೆಳೆಗಾರರಿಗೆ ಹುಲ್ಲಿನ ಬೆಲೆಯನ್ನು ಎಣ್ಣೆ ಚೆಲ್ಲಿದವರೇ ಕೊಡಲಿ.