ನಮ್ಮ ಕಾವಲಿನ ಕಣ್ಣು ಯಾರ ಜೇಬಿನಲ್ಲಿದೆ?

ಕಳೆದ ಮಂಗಳವಾರ ಕ್ಯಾಮೆರಾ ಮಾರಲು ಬಂದವನೊಬ್ಬ ನನ್ನ ಮೇಜಿನ ಎದುರು ಕುಳಿತು ಮೊಬೈಲ್ ತೆರೆದ. ಪರದೆಯ ಮೇಲೆ ಉದ್ದನೆಯ ಪಟ್ಟಿ: ಬಟ್ಟೆ ಅಂಗಡಿ, ಕ್ಲಿನಿಕ್, ಕಲ್ಯಾಣ ಮಂಟಪ, ಹಾಸ್ಟೆಲ್. ಎಲ್ಲವೂ ಅವನ ಗಿರಾಕಿಗಳದ್ದು. ಹಾಸ್ಟೆಲಿನ ಹೆಸರನ್ನು ಒತ್ತಿ ಮೊಬೈಲನ್ನು ನನ್ನತ್ತ ತಿರುಗಿಸಿದ. ತಲೆಗೆ ಟವೆಲ್ ಸುತ್ತಿಕೊಂಡ ಹುಡುಗಿಯೊಬ್ಬಳು ಬಕೆಟ್ ಹಿಡಿದು ಮೊಗಸಾಲೆಯಲ್ಲಿ ನಡೆದು ಹೋಗುತ್ತಿದ್ದಳು. ಹಳೆಯ ದೃಶ್ಯವಲ್ಲ, ಆ ಕ್ಷಣದ್ದು. “ನೋಡಿ ಸರ್, ಮುಖ ಎಷ್ಟು ಸ್ಪಷ್ಟವಾಗಿದೆ” ಎಂದ.

ನೀವು ನೋಡುತ್ತಿರುವುದು ಅವರಿಗೆ ಗೊತ್ತೇ ಎಂದು ಕೇಳಿದೆ. “ನಾವೇ ಹಾಕಿಕೊಟ್ಟದ್ದಲ್ಲವೇ ಸರ್, ಸರ್ವಿಸ್‌ಗೆ ಬೇಕಾಗುತ್ತದೆ” ಎಂಬ ಉತ್ತರ ಬಂತು. ಆ ಮನುಷ್ಯನ ಮುಖದಲ್ಲಿ ಅಳುಕಿನ ಒಂದು ಗೆರೆಯೂ ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೇ? ಅವನನ್ನು ಎದ್ದು ಹೋಗಲು ಹೇಳಿದೆ. ಆದರೆ ಆ ಹುಡುಗಿಯ ಚಿತ್ರ ಕಣ್ಣಿನಿಂದ ಇನ್ನೂ ಹೋಗಿಲ್ಲ.

ನಮ್ಮದು ಶಿವಮೊಗ್ಗದ ಒಂದು ಸಣ್ಣ ಸೌಹಾರ್ದ ಸಹಕಾರಿ. ಸಾಗರ, ತೀರ್ಥಹಳ್ಳಿ, ಶಿಕಾರಿಪುರ, ಭದ್ರಾವತಿಯಲ್ಲಿ ಶಾಖೆಗಳಿವೆ. ಕಂಪ್ಯೂಟರಿನ ಕೆಲಸವೆಲ್ಲ ನನ್ನ ತಲೆಯ ಮೇಲೆ. ಐದೂ ಕಡೆ ಹೊಸ ಕ್ಯಾಮೆರಾ ಹಾಕಿಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿ ಎರಡು ತಿಂಗಳಾಯಿತು.

ಅವನು ಹೋದ ಮೇಲೆ ನನಗೆ ಕಾಡಿದ್ದು ಒಂದೇ ಪ್ರಶ್ನೆ: ನಮ್ಮ ಶಾಖೆಗಳು ಯಾರ ಮೊಬೈಲಿನಲ್ಲಿವೆ? ಮರುದಿನವೇ ತೀರ್ಥಹಳ್ಳಿಗೆ ಹೋಗಿ, ಈಗಿರುವ ಕ್ಯಾಮೆರಾಗಳ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯನ್ನು ತೆರೆದು ನೋಡಿದೆ. ಬಳಕೆದಾರರ ಪಟ್ಟಿಯಲ್ಲಿ ಐದು ಹೆಸರು. ನಮ್ಮವರು ಇಬ್ಬರು. ಇನ್ನಿಬ್ಬರು ಯಾರೆಂದು ಶಾಖೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಐದನೆಯವನು ನಾಲ್ಕು ವರ್ಷದ ಹಿಂದೆ ವೈರ್ ಎಳೆದು ಹೋದ ಹುಡುಗ. ಅವನು ಆ ಕೆಲಸ ಬಿಟ್ಟು ಬೆಂಗಳೂರು ಸೇರಿ ಯಾವ ಕಾಲವಾಯಿತು! ಚಿನ್ನದ ಸಾಲದ ಕೌಂಟರಿನ ಮೇಲಿನ ಕ್ಯಾಮೆರಾದಲ್ಲಿ ತಕ್ಕಡಿಯ ಮೇಲಿಟ್ಟ ಸರ, ತೂಕದ ಅಂಕಿ, ಎದುರು ನಿಂತ ಹೆಂಗಸಿನ ಮುಖ ಮೂರೂ ಕಾಣುತ್ತವೆ. ಮಗಳ ಫೀಸು ಕಟ್ಟಲು ತಾಳಿಸರ ಅಡವಿಡಲು ಬಂದವಳ ಸಂಕಟವನ್ನು ಊರ ಮೇಲಿನ ಯಾರೋ ಕುಳಿತು ನೋಡಬಹುದು. ಐದೂ ಕಚೇರಿಗೆ ಒಂದೇ ಪಾಸ್‌ವರ್ಡ್: ಸಂಸ್ಥೆಯ ಹೆಸರು, ಮುಂದೆ 123. ಮೊಬೈಲಿನಲ್ಲಿ ಕಾಣಲಿ ಎಂದು ರೌಟರಿನಲ್ಲಿ ಪೋರ್ಟ್, ಅಂದರೆ ಇಂಟರ್ನೆಟ್ಟಿನಿಂದ ಒಳಬರುವ ದಾರಿ, ಬೇರೆ ತೆರೆದಿಟ್ಟಿದ್ದಾರೆ. ಬೀದಿಗೆ ಬಾಗಿಲು ತೆಗೆದಿಟ್ಟು ಹೋದ ಹಾಗೆ.

ಇದು ನನ್ನೊಬ್ಬನ ಅತಿಭಯವೇ? 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನೇ ಹುಡುಕಿ ವಶಪಡಿಸಿಕೊಂಡಿತು. ಅವುಗಳ ದಾಳಿಗೆ ಅಕ್ಟೋಬರ್ 21ರಂದು ಅಮೆರಿಕದಲ್ಲಿ ದೊಡ್ಡ ದೊಡ್ಡ ಜಾಲತಾಣಗಳೇ ನಿಂತುಹೋದವು. ಅದು ದೂರದ ಮಾತೆನ್ನುವುದಾದರೆ, 2025ರ ಫೆಬ್ರವರಿಯಲ್ಲಿ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರೊಳಗಿನ ದೃಶ್ಯಗಳು ಟೆಲಿಗ್ರಾಂನಲ್ಲಿ ಮಾರಾಟವಾಗುತ್ತಿದ್ದುದು ಬಯಲಾದದ್ದು ನಮ್ಮ ದೇಶದಲ್ಲೇ. ಅಲ್ಲಿನ ಪಾಸ್‌ವರ್ಡ್ ಅಡ್ಮಿನ್123 ಎಂದು ಪತ್ರಿಕೆಗಳು ಬರೆದವು. ಆ ತಾಯಂದಿರು ಮಾಡಿದ ತಪ್ಪಾದರೂ ಏನು?

ಈವರೆಗೆ ಆರು ಮಂದಿ ಕೊಟೇಷನ್ ಕೊಟ್ಟಿದ್ದಾರೆ. ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳಿದರೆ ಬಾಯಿ ತುಂಬ ಹೇಳುತ್ತಾರೆ. ಕ್ಯಾಮೆರಾಗಳನ್ನು ನಮ್ಮ ಲೆಕ್ಕಪತ್ರದ ಕಂಪ್ಯೂಟರುಗಳಿಂದ ಬೇರೆ ಜಾಲದಲ್ಲಿ ಇಡುತ್ತೀರಾ, ಐದು ಊರಿನ ಸಂಪರ್ಕವನ್ನು ವಿಪಿಎನ್ ಎಂಬ, ಹೊರಗಿನವರು ಇಣುಕಲಾಗದ ಸುರಕ್ಷಿತ ದಾರಿಯ ಮೂಲಕ ಕೊಡುತ್ತೀರಾ, ಕ್ಯಾಮೆರಾದೊಳಗಿನ ತಂತ್ರಾಂಶವಾದ ಫರ್ಮ್‌ವೇರ್‌ಗೆ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ, ಅದನ್ನು ಹಾಕುವವರು ಯಾರು ಎಂದು ಕೇಳಿದರೆ ಬಾಯಿಗೆ ಬೀಗ. ಒಬ್ಬನಂತೂ “ಬ್ಯಾಂಕಿನವರೇ ಇಷ್ಟು ಕೇಳುವುದಿಲ್ಲ ಸರ್” ಎಂದು ನನ್ನ ಮೇಲೆಯೇ ರೇಗಿದ.

2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳು ಕೇಂದ್ರ ಸರ್ಕಾರ ಗೊತ್ತುಪಡಿಸಿದ ಭದ್ರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ನಿಯಮವಿದೆ. ನೀವು ಹಾಕುವ ಕ್ಯಾಮೆರಾ ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಪ್ರಮಾಣಪತ್ರ ಕೊಡಿ ಎಂದರೆ ಒಬ್ಬ ಐಎಸ್‌ಒ 9001ರ ಕಾಗದ ಕಳುಹಿಸಿದ. ಅದು ಕಂಪನಿಯ ಗುಣಮಟ್ಟ ನಿರ್ವಹಣೆಯದ್ದು, ಕ್ಯಾಮೆರಾದ ಭದ್ರತೆಗೂ ಅದಕ್ಕೂ ಸಂಬಂಧವೇ ಇಲ್ಲ. ಇನ್ನೊಬ್ಬ, ನಿಯಮಕ್ಕೆ ಮುಂಚಿನ ಹಳೆಯ ದಾಸ್ತಾನಿದೆ, ಅಗ್ಗಕ್ಕೆ ಕೊಡುತ್ತೇನೆ ಎಂದು ಮೆಲ್ಲಗೆ ಹೇಳಿದ. ನಮ್ಮನ್ನು ಏನೆಂದುಕೊಂಡಿದ್ದಾರೆ ಇವರು?

ಲೆಕ್ಕದಲ್ಲೂ ಸುಳ್ಳು. ಶಾಖೆಗೆ ಎಂಟು ಕ್ಯಾಮೆರಾ, ಒಂದು ಟಿಬಿ (ಸಾವಿರ ಜಿಬಿ) ಹಾರ್ಡ್ ಡಿಸ್ಕ್, ಮೂವತ್ತು ದಿನದ ರೆಕಾರ್ಡಿಂಗ್ ಎಂದು ಕೊಟೇಷನ್ನಿನಲ್ಲಿ ಬರೆದಿದ್ದಾರೆ. ಒಂದು ಕ್ಯಾಮೆರಾ ಸೆಕೆಂಡಿಗೆ ಎರಡು ಮೆಗಾಬಿಟ್‌ನಂತೆ ಬಿಡದೆ ದಾಖಲಿಸಿದರೆ ದಿನಕ್ಕೆ ಸುಮಾರು 21 ಜಿಬಿ ಬೇಕು. ಎಂಟಕ್ಕೆ 170ರ ಮೇಲೆ. ಆರನೆಯ ದಿನಕ್ಕೆ ಡಿಸ್ಕ್ ತುಂಬಿ ಹಳೆಯದರ ಮೇಲೆ ಹೊಸದು ಬರೆಯತೊಡಗುತ್ತದೆ. ಕಳ್ಳತನವಾಗಿ ಹತ್ತು ದಿನದ ಮೇಲೆ ಪೊಲೀಸರು ಬಂದು ಕೇಳಿದರೆ ನಾನು ಏನನ್ನು ತೋರಿಸಲಿ?

ಇಷ್ಟನ್ನೂ ಬರೆದು ಮಂಡಳಿಯ ಮುಂದಿಟ್ಟೆ. ಅಧ್ಯಕ್ಷರು ಹಾಳೆ ತಿರುಗಿಸಿ, “ಎಲ್ಲ ಸರಿಯಪ್ಪ, ಕಡಿಮೆ ಯಾರದ್ದು?” ಎಂದರು. ಲಕ್ಷಗಟ್ಟಲೆ ರೂಪಾಯಿಯ ಚಿನ್ನವನ್ನು ನಮ್ಮನ್ನು ನಂಬಿ ಇಟ್ಟವರಿದ್ದಾರೆ, ಅವರ ಮುಖಕ್ಕೆ ಬೆಲೆ ಇಲ್ಲವೇ ಎಂದು ಕೇಳಿದೆ. ಮುಂದಿನ ಸಭೆಯಲ್ಲಿ ನೋಡೋಣ ಎಂದು ಕಡತ ಮುಚ್ಚಿದರು.

ಮುಂದಿನ ಸಭೆಗೆ ಇನ್ನೂ ಮೂರು ವಾರ. ನಿನ್ನೆಗೆ ಐದೂ ಕಚೇರಿಗಳನ್ನು ಸುತ್ತಿ ಮುಗಿಸಿದೆ. ಗೊತ್ತಿಲ್ಲದ ಹೆಸರುಗಳನ್ನೆಲ್ಲ ಅಳಿಸಿದ್ದೇನೆ, ಒಂದೊಂದು ಶಾಖೆಗೂ ಬೇರೆ ಬೇರೆ ಪಾಸ್‌ವರ್ಡ್ ಇಟ್ಟಿದ್ದೇನೆ, ಡಿವಿಆರ್‌ಗಳ ಇಂಟರ್ನೆಟ್ ವೈರ್ ಕಿತ್ತು ತೆಗೆದಿದ್ದೇನೆ. ಮೊಬೈಲಿನಲ್ಲಿ ಶಾಖೆ ಕಾಣುತ್ತಿಲ್ಲವೆಂದು ಬೆಳಗ್ಗೆಯಿಂದ ಇಬ್ಬರು ನಿರ್ದೇಶಕರು ಫೋನ್ ಮಾಡಿ ಬೈದಿದ್ದಾರೆ. ಬೈಯಲಿ. ವೈರ್ ನನ್ನ ಡ್ರಾಯರಿನಲ್ಲಿದೆ.