ಟವರಿಗೆ ಶಾಪ, ಹೆಜ್ಜೇನಿಗೆ ಸ್ಪ್ರೇ

ಐನ್‌ಸ್ಟೈನ್ ಮೊನ್ನೆ ಮತ್ತೆ ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿಗೆ ಬಂದರು. ಅದೇ ಮೆಸೇಜು: ಜೇನು ಹೋದರೆ ಮನುಷ್ಯನಿಗೆ ನಾಲ್ಕೇ ವರ್ಷ. ಪಾಪ, ಅವರು ಹಾಗೆ ಹೇಳಿದ್ದಕ್ಕೆ ಪುರಾವೆಯೇ ಇಲ್ಲ. ಕೆಳಗೆ ಸಾಲಾಗಿ ಕೈ ಮುಗಿದ ಚಿತ್ರ. ‘ಎಲ್ಲಾ ಮೊಬೈಲ್ ಟವರಿನ ಅಯಸ್ಕಾಂತ ಶಕ್ತಿಯಿಂದ’ ಎಂದು ತೀರ್ಪೂ ಬಂತು. ಅದನ್ನು ಬರೆದದ್ದು ಮೊಬೈಲಿನಲ್ಲೇ.

ಮಧ್ಯಾಹ್ನ ಇನ್ನೊಂದು ಮೆಸೇಜು. ‘ಬಿ ಬ್ಲಾಕಿನಲ್ಲಿ ಹೆಜ್ಜೇನು ಕಟ್ಟಿದೆ. ರಾತ್ರಿ ಪೆಸ್ಟ್ ಕಂಟ್ರೋಲ್‌ನವರು ಬರ್ತಾರೆ, ಕಿಟಕಿ ಹಾಕ್ಕೊಳ್ಳಿ.’ ಇದಕ್ಕೂ ಅವೇ ಕೈಗಳು.

ಜೇನಿಗೂ ಅಯಸ್ಕಾಂತಕ್ಕೂ ನಂಟಿರುವುದು ಸುಳ್ಳಲ್ಲ. ಅದರ ಹೊಟ್ಟೆಯ ಭಾಗಕ್ಕೆ ಅಯಸ್ಕಾಂತದ ಗುಣ ಇದೆ ಎಂದು 1978ರಲ್ಲೇ ಅಮೆರಿಕದವರು ತೋರಿಸಿದ್ದರು. 1989ರಲ್ಲಿ ಇನ್ನಿಬ್ಬರು ಜೇನಿಗೆ ಪುಟಾಣಿ ಅಯಸ್ಕಾಂತ ಅಂಟಿಸಿ ನೋಡಿದರು. ಕಾಂತಕ್ಷೇತ್ರದ ವ್ಯತ್ಯಾಸ ಹಿಡಿಯುವುದು ಅದಕ್ಕೆ ಕಷ್ಟವಾಯಿತು. ನಮ್ಮ ಸಿ ಬ್ಲಾಕ್ ಅಂಕಲ್ಲೂ ಮಂಡಿನೋವಿಗೆ ಅಯಸ್ಕಾಂತದ ಪಟ್ಟಿ ಕಟ್ಟಿಕೊಂಡಿದ್ದಾರೆ. ನಾಲ್ಕು ಸಾವಿರವಂತೆ. ಮಂಡಿ ಹಾಗೇ ಇದೆ, ಆದರೆ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಪಟ್ಟಿಯ ಮಹಿಮೆ ಹೇಳುತ್ತಾರೆ. ಐದನೇ ಮಹಡಿ ಬಂದರೂ ಬಾಗಿಲು ಬಿಡುವುದಿಲ್ಲ. ನಾನೀಗ ಮೆಟ್ಟಿಲು ಹತ್ತುತ್ತೇನೆ. ಪಟ್ಟಿಯಿಂದ ಯಾರ ಮಂಡಿಗಾದರೂ ಉಪಯೋಗ ಆಗಿದ್ದರೆ ಅದು ನನ್ನದಕ್ಕೇ.

2018ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಹೈಟೆನ್ಷನ್ ತಂತಿಯ ಹತ್ತಿರ ಸಿಗುವಂಥ ಕಾಂತಕ್ಷೇತ್ರದಲ್ಲಿ ಜೇನುಗಳನ್ನು ಇಟ್ಟು ನೋಡಿದರು. ತಂತಿಯ ಕೆಳಗೆ ನೆಲದ ಮಟ್ಟದಲ್ಲಿ 20ರಿಂದ 100 ಮೈಕ್ರೋಟೆಸ್ಲಾ ಇರಬಹುದು. ಕಾಂತಕ್ಷೇತ್ರವನ್ನು ಅಳೆಯುವುದು ಟೆಸ್ಲಾದಲ್ಲಿ, ಮೈಕ್ರೋ ಅಂದರೆ ಅದರ ಹತ್ತು ಲಕ್ಷದಲ್ಲೊಂದು ಪಾಲು. ತಂತಿಯ ಹತ್ತಿರದ ಇಂಥ ಕ್ಷೇತ್ರಗಳಲ್ಲಿ ಜೇನು ಕಲಿಯುವುದು ಕಡಿಮೆಯಾಯಿತು, ಹಾರುವ ರೀತಿ ಬದಲಾಯಿತು. ಹಾಗಾದರೆ ಗುಂಪಿನಲ್ಲಿ ಹೈಟೆನ್ಷನ್ ತಂತಿ ಬಗ್ಗೆ ಮಾತು ಬರಬೇಕಲ್ವಾ? ಬರುವುದಿಲ್ಲ. ಅದರ ಕೆಳಗಿನ ಸೈಟು ಗುಂಪಿನ ಅಡ್ಮಿನ್ನರದ್ದು. ಇನ್ನೂ ಮಾರಾಟವಾಗಿಲ್ಲ.

ಟವರಿನದ್ದು ರೇಡಿಯೋ ಅಲೆ, ಅದು ಬೇರೆ ಕಥೆ. ತೊಂಬತ್ತರ ದಶಕದ ಶುರುವಿನಲ್ಲಿ ಜೇನಿನ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ನಮ್ಮ ಕಡೆಯ ತುಡುವೆ ಜೇನಿನ ಪೆಟ್ಟಿಗೆಗಳು ಖಾಲಿಯಾದವಲ್ಲ, ಆಗ ದೇಶದಲ್ಲಿ ಮೊಬೈಲೇ ಇರಲಿಲ್ಲ. ಇದನ್ನು ಗುಂಪಿಗೆ ಹಾಕಿದೆ. ಒಬ್ಬರು ‘ಗುಡ್ ಮಾರ್ನಿಂಗ್’ ಅಂದರು.

ಹೂವಿನ ಕಾಲ ಮುಗಿದರೆ ಹೆಜ್ಜೇನು ತಾನಾಗೇ ಎದ್ದು ಹೋಗುತ್ತದೆ, ಸ್ವಲ್ಪ ತಡೀರಿ ಎಂದೂ ಎರಡು ಸಲ ಬರೆದೆ. ಬೆಳಿಗ್ಗೆ ನೋಡಿದರೆ ಪಾರ್ಕಿಂಗಿನಲ್ಲಿ ಗುಡ್ಡೆ. ಕೆಲವು ಇನ್ನೂ ರೆಕ್ಕೆ ಆಡಿಸುತ್ತಿದ್ದವು. ಪೊರಕೆಯಲ್ಲಿ ಗುಡಿಸಿ ಚೀಲಕ್ಕೆ ತುಂಬಿದರು. ಇದಕ್ಕೆ ಯಾವ ಟೆಸ್ಲಾನೂ ಬೇಕಾಗಲಿಲ್ಲ. ಒಂದು ಡಬ್ಬಿ ವಿಷ, ಒಂದು ಏಣಿ. ನನಗಂತೂ ಸಾಕಾಗಿಹೋಗಿದೆ.

ಈ ತಿಂಗಳ ಮೇಂಟೆನೆನ್ಸ್ ಬಿಲ್ಲಿಗೆ ಹೆಜ್ಜೇನು ತೆಗೆಸಿದ್ದು ಅಂತ ಮನೆಗೆ ಐವತ್ತು ರೂಪಾಯಿ ಸೇರಿಸಿದ್ದಾರೆ. ಎಲ್ಲರೂ ಕಟ್ಟಿದರು. ನಾನೂ ಕಟ್ಟಿದೆ.