ನಮ್ಮ ಅಡಿಗೆಮನೆಯ ಗಾಜಿನ ಹಂಚು ಮತ್ತು ವಿ.ಕೆ. ಮೂರ್ತಿ

ಶಿರಸಿಯಿಂದ ಸಿದ್ದಾಪುರದ ಕಡೆ ಹೋಗುವಾಗ ನಮ್ಮ ಊರು. ಹಳೇ ಹಂಚಿನ ಮನೆ. ಅಡಿಗೆಮನೆಗೆ ಕಿಟಕಿ ಇದ್ದರೂ ಇಲ್ಲದ ಹಾಗೆ, ಅಷ್ಟು ಸಣ್ಣದು. ಬೆಳಕಿಗೆ ಅಂತ ಇದ್ದಿದ್ದು ಮಾಡಿನ ನಡುವೆ ಹಾಕಿದ ಒಂದೇ ಒಂದು ಗಾಜಿನ ಹಂಚು. ಬೆಳಗ್ಗೆ ಆಯಿ ಒಲೆ ಉರಿಸಿದ ಮೇಲೆ ಹೊಗೆ ಮೇಲಕ್ಕೆ ಏರುತ್ತಿತ್ತು. ಆಗ ಆ ಹಂಚಿನಿಂದ ಒಂದು ಬಿಸಿಲುಕೋಲು ನೆಟ್ಟಗೆ ಕೆಳಗೆ ಇಳಿಯುತ್ತಿತ್ತು. ಅದು ಗೋಡೆಯಿಂದ ಇಳಿದು ನೆಲಕ್ಕೆ ಬಂದು ಒರಳಿನ ಹತ್ತಿರ ಮುಟ್ಟಿತು ಅಂದರೆ ಅನ್ನಕ್ಕೆ ಎಸರು ಇಡುವ ಹೊತ್ತು. ಆಯಿ ಗಡಿಯಾರ ನೋಡಿದ್ದು ನನಗೆ ನೆನಪಿಲ್ಲ.

ಒಂದು ಭಾನುವಾರ ಪಕ್ಕದ ಮನೆಯ ಕಪ್ಪುಬಿಳುಪು ಟಿವಿಯಲ್ಲಿ ‘ಕಾಗಜ್ ಕೆ ಫೂಲ್’ ಬಂತು. ಹಿಂದಿ ನನಗೂ ಆಯಿಗೂ ಅಷ್ಟಕ್ಕಷ್ಟೇ. ಗೀತಾ ದತ್ ಹಾಡುವ ‘ವಕ್ತ್ ನೇ ಕಿಯಾ’ ಹಾಡು ಶುರುವಾಯಿತು. ಖಾಲಿ ಸ್ಟುಡಿಯೋ. ಕತ್ತಲು. ಮೇಲಿನಿಂದ ಇಳಿದ ಒಂದು ದೊಡ್ಡ ಬೆಳಕಿನ ಕಂಬ. ಆ ಕಡೆ ನಾಯಕಿ ವಹೀದಾ ರೆಹಮಾನ್, ಈ ಕಡೆ ಚಿತ್ರದ ನಾಯಕನೂ ನಿರ್ದೇಶಕನೂ ಆದ ಗುರುದತ್. ಆಯಿ ನನ್ನ ತೋಳು ಮುಟ್ಟಿ ಹೇಳಿದಳು, “ಇದು ನಮ್ಮನೆ ಒಳಗಿನ ಬಿಸಿಲ್ಕೋಲೇ ಅಲ್ದನಾ ತಮಾ?”

ಆ ಬೆಳಕು ತಂದ ಛಾಯಾಗ್ರಾಹಕರ ಹೆಸರು ಗೊತ್ತಾಗಲು ನನಗೆ ಮತ್ತೆ ಹತ್ತು ವರ್ಷ ಬೇಕಾಯಿತು. ಶಿರಸಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಯಾರೋ ಹೇಳಿದರು. ಅವರು ಕನ್ನಡದವರು ಅಂತ ಗೊತ್ತಾದ ದಿನ ನನಗೆ ಖುಷಿಗಿಂತ ಜಾಸ್ತಿ ಬೇಜಾರೇ ಆಗಿತ್ತು. ಇಷ್ಟು ದಿನ ಯಾಕೆ ಯಾರೂ ಹೇಳಲಿಲ್ಲ ಅಂತ.

ವಿ.ಕೆ. ಮೂರ್ತಿ ಹುಟ್ಟಿದ್ದು 1923ರಲ್ಲಿ, ಮೈಸೂರಿನಲ್ಲಿ. ಪಿಟೀಲು ಕಲಿತವರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋಗಿ ಬಂದವರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾ ಛಾಯಾಗ್ರಹಣ ಕಲಿತು 1946ರಲ್ಲಿ ಹೊರಬಂದರು. ಆಮೇಲೆ ಬೊಂಬಾಯಿ. ಗುರುದತ್ ನಿರ್ದೇಶಿಸಿದ 1951ರ ‘ಬಾಜಿ’ಯಲ್ಲಿ ಅವರು ಛಾಯಾಗ್ರಾಹಕ ವಿ. ರಾತ್ರಾ ಅವರ ಸಹಾಯಕ. ಕಷ್ಟದ ಒಂದು ಶಾಟ್ ಬಂದಾಗ ತಾನೇ ತೆಗೆಯುತ್ತೇನೆ ಅಂತ ಮುಂದೆ ಬಂದು ತೆಗೆದರು. ಗುರುದತ್ ಅವರಿಗೆ ಅದು ಹಿಡಿಸಿತು. ಮರುವರ್ಷ ‘ಜಾಲ್’ಗೆ ಮೂರ್ತಿಯವರೇ ಛಾಯಾಗ್ರಾಹಕ. ಗುರುದತ್ ತೀರಿಕೊಳ್ಳುವ ತನಕ ಆ ಜೋಡಿ ಬಿಡಲಿಲ್ಲ.

ಗುರುದತ್ ಕೂಡ ನಮಗೆ ದೂರದವರಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಕೊಂಕಣಿ ಮನೆಮಾತಿನವರು. ಅವರ ಚಿತ್ರಾಪುರ ಸಾರಸ್ವತ ಸಮುದಾಯದ ಮಠ ಇರುವುದು ನಮ್ಮದೇ ಜಿಲ್ಲೆಯ ಶಿರಾಲಿಯಲ್ಲಿ.

ಈಗ ಆ ಬೆಳಕಿನ ಕಂಬದ ವಿಷಯ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು.

ಅದು ಲೈಟಿನ ಬೆಳಕಲ್ಲ. ನಿಜವಾದ ಬಿಸಿಲು. ಸ್ಟುಡಿಯೋದ ಹೊರಗೆ ಒಂದು ದೊಡ್ಡ ಕನ್ನಡಿ ಇಟ್ಟು ಬಿಸಿಲನ್ನು ಒಳಗೆ ಕಳಿಸಿದರು. ಒಳಗೆ ಮೇಲಿನ ಅಟ್ಟಣಿಗೆಯ ಮೇಲೆ ಇನ್ನೊಂದು ಕನ್ನಡಿ. ಅದು ಆ ಬಿಸಿಲನ್ನು ಕೆಳಕ್ಕೆ ತಿರುಗಿಸಿತು. ಎರಡು ಕನ್ನಡಿ, ಅಷ್ಟೇ. ಆದರೆ ಯಾಕೆ ಬಿಸಿಲೇ ಬೇಕಿತ್ತು? ಫೋಟೋ ತೆಗೆಯುವವರಿಗೆ ಇದು ಗೊತ್ತು. ಲೈಟ್ ಹತ್ತಿರದಲ್ಲಿರುತ್ತದೆ, ಅದರ ಬೆಳಕು ದೂರ ಹೋದ ಹಾಗೆ ಅಗಲ ಆಗುತ್ತಾ ಚದುರುತ್ತದೆ. ಸೂರ್ಯ ಎಷ್ಟೋ ಕೋಟಿ ಕಿಲೋಮೀಟರ್ ದೂರ. ಅದರ ಕಿರಣ ನಮ್ಮ ಹತ್ತಿರ ಬರುವಾಗ ಹೆಚ್ಚುಕಮ್ಮಿ ಒಂದಕ್ಕೊಂದು ಸಮಾನಾಂತರವಾಗಿಯೇ ಬರುತ್ತದೆ. ಅದಕ್ಕೇ ಬಿಸಿಲುಕೋಲಿಗೆ ಕೋಲಿನ ಹಾಗೆ ನೆಟ್ಟಗಿನ ಅಂಚು. ಸೂರ್ಯ ನಿಲ್ಲುವುದೂ ಇಲ್ಲ. ಆಯಿಯ ಬಿಸಿಲು ಒರಳಿನ ಕಡೆ ಸರಿದ ಹಾಗೆ ಅಲ್ಲೂ ಸರಿಯುತ್ತಿರುತ್ತದೆ. ಶಾಟ್ ಶಾಟ್‌ಗೂ ಕನ್ನಡಿ ನೋಡಿಕೊಳ್ಳಬೇಕು. ಸುತ್ತ ಕತ್ತಲು ಇರಬೇಕು, ಗಾಳಿಯಲ್ಲಿ ಧೂಳೋ ಹೊಗೆಯೋ ಇರಬೇಕು. ಇವು ಇಲ್ಲದಿದ್ದರೆ ಕಿರಣ ಕಣ್ಣಿಗೇ ಕಾಣುವುದಿಲ್ಲ.

ಇನ್ನೊಂದು ಕಷ್ಟ ಇತ್ತು. ‘ಕಾಗಜ್ ಕೆ ಫೂಲ್’ (1959) ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ. ಪರದೆ ಎತ್ತರಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಅಗಲ. ಅಷ್ಟು ಅಗಲದಲ್ಲಿ ಇಬ್ಬರನ್ನು ನಿಲ್ಲಿಸಿದರೆ ಉಳಿದ ಜಾಗ ಏನು ಮಾಡುವುದು? ಬೇರೆಯವರಾಗಿದ್ದರೆ ಮೇಜು ಕುರ್ಚಿ ಹೂದಾನಿ ತುಂಬುತ್ತಿದ್ದರು. ಮೂರ್ತಿ ಕತ್ತಲು ತುಂಬಿದರು. ಇಬ್ಬರ ನಡುವಿನ ದೂರ ಎಷ್ಟು ಅಂತ ಆ ಕತ್ತಲೇ ಹೇಳುತ್ತದೆ. ಚಿತ್ರ ಓಡಲಿಲ್ಲ. ಆಮೇಲೆ ಗುರುದತ್ ನಿರ್ದೇಶಕ ಅಂತ ಹೆಸರು ಹಾಕಿಕೊಳ್ಳಲೇ ಇಲ್ಲ. ಆದರೆ ಮೂರ್ತಿಯವರಿಗೆ ಆ ವರ್ಷದ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

‘ಸಾಹಿಬ್ ಬೀಬಿ ಔರ್ ಗುಲಾಮ್’ನ (1962) ಒಂದು ನೃತ್ಯ ನೋಡಿ. ನಡುವೆ ಕುಣಿಯುವವಳ ಮುಖ ಮಾತ್ರ ಬೆಳಕಿನಲ್ಲಿದೆ. ಸುತ್ತ ಕುಣಿಯುವ ಉಳಿದ ಹುಡುಗಿಯರು ಹಾಡು ಮುಗಿಯುವ ತನಕ ನೆರಳಲ್ಲೇ ಇರುತ್ತಾರೆ. ಕುಣಿಯುತ್ತಾ ಜಾಗ ಬದಲಿಸುತ್ತಾರೆ, ಆದರೂ ಒಂದೇ ಒಂದು ಮುಖಕ್ಕೆ ಬೆಳಕು ಬೀಳುವುದಿಲ್ಲ. ನಾನು ಇದನ್ನು ಎಷ್ಟು ಸಲ ನೋಡಿದ್ದೇನೋ. ಬೆಳಕು ಎಲ್ಲಿ ಹಾಕಬೇಕು ಅಂತ ಕಲಿಯಬಹುದು. ಎಲ್ಲಿ ಬೀಳಬಾರದು ಅಂತ ಕಾಯುವುದು ಬಹಳ ಕಷ್ಟ.

ಇದೆಲ್ಲ ಗುರುದತ್ ಹೇಳಿದ್ದು, ಮೂರ್ತಿ ಮಾಡಿದ್ದು ಅಷ್ಟೇ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಯಕ್ಷಗಾನದಲ್ಲಿ ಪ್ರಸಂಗ ಬರೆದವರು ಬೇರೆ, ಭಾಗವತರು ಬೇರೆ, ಕುಣಿಯುವವರು ಬೇರೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಕುಣಿದಾಗ ಪ್ರಸಂಗ ಚೆನ್ನಾಗಿತ್ತು, ಅದಕ್ಕೇ ಕುಣಿದರು ಅಂತ ಯಾರಾದರೂ ಹೇಳುತ್ತಾರಾ?

ಯಕ್ಷಗಾನ ಅಂದ ಕೂಡಲೇ ಇನ್ನೊಂದು ಮಾತು. ಗ್ಯಾಸ್‌ಲೈಟಿನ ಕಾಲದ ಆಟವನ್ನು ಅಪ್ಪಯ್ಯ ವರ್ಣಿಸುತ್ತಿದ್ದ. ರಾಕ್ಷಸ ವೇಷ ಕತ್ತಲಿಂದ ಬರುವಾಗ ಮೊದಲು ಕಾಣುತ್ತಿದ್ದುದು ಕಿರೀಟದ ಮಿಂಚು, ಆಮೇಲೆ ಕಣ್ಣು, ಆಮೇಲೆ ಮುಖ. ಈಗ ಎಲ್ಲ ಕಡೆ ಎಲ್‌ಇಡಿ ಫ್ಲಡ್‌ಲೈಟ್. ವೇಷ ಕಟ್ಟುವ ಚೌಕಿಯ ಬಾಗಿಲಲ್ಲಿ ನೀರು ಕುಡಿಯುವವರೂ ಕಾಣುತ್ತಾರೆ. ಮದುವೆ ಮಂಟಪಗಳೂ ಹಾಗೇ. ಅಡಿಕೆ ಸೋಗೆಯ ಚಪ್ಪರದ ಕೆಳಗೆ ಮದುಮಗಳ ಮುಖದ ಮೇಲೆ ಬಿಸಿಲಿನ ಚುಕ್ಕಿ ಬೀಳುತ್ತಿರುತ್ತದೆ. ಅದರ ಮೇಲೆ ನಾವೇ ಲೈಟ್ ಬಿಟ್ಟು ಅಳಿಸುತ್ತೇವೆ. ಯಲ್ಲಾಪುರದ ಕಡೆಯ ಒಂದು ಮದುವೆಯಲ್ಲಿ ಕಿಟಕಿ ಪಕ್ಕ ಕುಳಿತ ಮದುಮಗಳನ್ನು ನಾನು ಫ್ಲ್ಯಾಶ್ ಇಲ್ಲದೆ ತೆಗೆದೆ. ಮುಖದ ಒಂದು ಕಡೆ ಬೆಳಕು, ಒಂದು ಕಡೆ ನೆರಳು. ಮನೆಯವರು ಅದನ್ನು ಆಲ್ಬಮ್‌ನಿಂದ ತೆಗೆಸಿದರು. ಮುಖ ಸರಿಯಾಗಿ ಬಂದಿಲ್ಲ ಅಂದರು. ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ನಾನು ತೆಗೆದ ಒಳ್ಳೆಯ ಫೋಟೋ ಯಾವುದು ಅಂತ ಕೇಳಿದರೆ ಅದನ್ನೇ ತೋರಿಸುತ್ತೇನೆ.

ಗುರುದತ್ 1964ರಲ್ಲಿ ಹೋದರು. ಮೂರ್ತಿ ಆಮೇಲೂ ಹತ್ತಾರು ವರ್ಷ ದುಡಿದರು. ‘ಲವ್ ಇನ್ ಟೋಕಿಯೋ’, ‘ಜುಗ್ನು’ ತರಹದ ಬಣ್ಣದ ಚಿತ್ರಗಳು ನನ್ನನ್ನು ಅಷ್ಟು ಹಿಡಿಯಲಿಲ್ಲ. ಆದರೆ ‘ತಮಸ್’ ಬೇರೆ. ಅದನ್ನು ನಿರ್ದೇಶಿಸಿದ ಗೋವಿಂದ ನಿಹಲಾನಿ ಕಲಿತಿದ್ದೂ ಬೆಂಗಳೂರಿನ ಅದೇ ಪಾಲಿಟೆಕ್ನಿಕ್‌ನಲ್ಲಿ, ಪಳಗಿದ್ದು ಮೂರ್ತಿಯವರ ಕೈಕೆಳಗೆ. ಗುರುವನ್ನೇ ಕರೆದು ಕ್ಯಾಮೆರಾ ಕೊಟ್ಟರು. ನಮ್ಮ ಕನ್ನಡದಲ್ಲಿ 1993ರ ‘ಹೂವು ಹಣ್ಣು’ ಬಿಟ್ಟರೆ ಅವರ ಕೆಲಸ ಅಂತ ತೋರಿಸಲು ನನ್ನ ಹತ್ತಿರ ಬೇರೆ ಚಿತ್ರ ಇಲ್ಲ. ಇದು ನನಗೆ ನೋವಿನ ವಿಷಯ.

2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. 2010ರಲ್ಲಿ ಅದು ಕೈಗೆ ಬರುವಾಗ ವಯಸ್ಸು 86. ನಾಲ್ಕು ವರ್ಷದ ನಂತರ, 2014ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

2025ರಲ್ಲಿ ಗುರುದತ್ ಅವರಿಗೆ ನೂರು ತುಂಬಿತು. ನನ್ನ ಫೋನ್ ತುಂಬ ಅದೇ ಸುದ್ದಿ, ಅದೇ ಫೋಟೋ. ಸಂತೋಷ. ಆದರೆ ಆ ಫೋಟೋಗಳಲ್ಲಿ ಹೆಚ್ಚಿನವು ಮೂರ್ತಿಯವರ ಬೆಳಕಿನಲ್ಲಿ ತೆಗೆದ ದೃಶ್ಯಗಳು. 2023ರಲ್ಲಿ ಮೂರ್ತಿಯವರಿಗೆ ನೂರಾದಾಗ ನಮ್ಮ ಕಡೆ ಒಬ್ಬರೂ ಒಂದು ಮಾತು ಬರೆದಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ನಾನೂ ಬರೆದಿರಲಿಲ್ಲ. ತಪ್ಪು ನನ್ನದೂ ಹೌದು.

ಹಾಗಾಗಿ ಈ ಬೇಸಿಗೆಯಲ್ಲಿ, ಅಡಿಕೆಯ ಕೊನೆಕೊಯ್ಲು ಎಲ್ಲ ಮುಗಿದ ಮೇಲೆ, ನಮ್ಮ ಅಂಗಳದಲ್ಲಿ ಬಿಳಿ ಬಟ್ಟೆ ಕಟ್ಟಿ ‘ಕಾಗಜ್ ಕೆ ಫೂಲ್’ ಹಾಕುತ್ತೇನೆ. ಅಮಾವಾಸ್ಯೆ ಹತ್ತಿರದ ಒಂದು ಶನಿವಾರ ನೋಡಿದ್ದೇನೆ, ದಿನ ಇಲ್ಲೇ ತಿಳಿಸುತ್ತೇನೆ. ಊಟ ನಮ್ಮಲ್ಲೇ. ಮನೆಯ ಲೈಟು, ಗೇಟಿನ ಲೈಟು ಎಲ್ಲ ಆರಿಸಿರುತ್ತೇನೆ. ದಾರಿಗೆ ಟಾರ್ಚ್ ತನ್ನಿ, ಅಂಗಳಕ್ಕೆ ಬಂದ ಮೇಲೆ ಆರಿಸಿಬಿಡಿ.